ಎದೆಗೆ ಗಾಳಿ ಬಡಿಯಲಿ ಬಿಡಿ

ಆಷಾಢ ಶುರುವಾಗುತ್ತಿದ್ದಂತೆ ನನ್ನ ಬುಲೆಟ್ಟಿನ ವಿಂಡ್‌ಶೀಲ್ಡ್ ಬಿಚ್ಚಿಸಿದೆ. ಗದಗ ಸೀಮೆಯವರಿಗೆ ಇದು ಹುಚ್ಚುತನ ಅನ್ನಿಸಿದರೆ ಅವರ ತಪ್ಪಲ್ಲ. ಕಪ್ಪತಗುಡ್ಡದ ಮೇಲೆ ಸಾಲುಗಟ್ಟಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಇಂಥ ಊರಲ್ಲಿ ಇದ್ದೊಂದು ಮರೆಯನ್ನೂ ತೆಗೆಯುವುದೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಗಾಳಿ ಜೋರಿರುವ ಕಡೆಯೇ ಅದನ್ನು ಮೊದಲು ತೆಗೆಯಬೇಕು.

ನಾನು ಪಶುವೈದ್ಯ. ಗದಗದಿಂದ ಡಂಬಳ, ಮುಂಡರಗಿ ಕಡೆ ತಿರುಗಾಟ ತಪ್ಪಿದ್ದಲ್ಲ. ಆ ರಸ್ತೆ ಆಗ್ನೇಯಕ್ಕೆ ಹೋಗುತ್ತದೆ, ಮುಂಗಾರಿನ ಗಾಳಿ ಪಶ್ಚಿಮದಿಂದ ಬರುತ್ತದೆ. ಅಂದರೆ ಹೋಗುವಾಗ ಬಲಮಗ್ಗುಲಿಗೆ, ಬರುವಾಗ ಎಡಮಗ್ಗುಲಿಗೆ ಹೊಡೆತ. ಎದುರುಗಾಳಿಗೆಂದು ಮಾಡಿದ ಗ್ಲಾಸು ಅಡ್ಡಗಾಳಿಯಲ್ಲಿ ಏನು ಮಾಡುತ್ತದೆ ನೋಡಿ. ನಮ್ಮಲ್ಲಿ ಹೊರಗೆ ಹಾಕಿಸುವ ವಿಂಡ್‌ಶೀಲ್ಡ್‌ಗಳು ಬಹುಪಾಲು ಹ್ಯಾಂಡಲ್‌ಗೋ ಮುಂದಿನ ಫೋರ್ಕ್‌ಗೋ ಕ್ಲ್ಯಾಂಪ್ ಬಿಗಿದಂಥವು. ಹ್ಯಾಂಡಲ್ ತಿರುಗಿದರೆ ಅವೂ ತಿರುಗುತ್ತವೆ. ಆದ್ದರಿಂದ ಗಾಳಿ ಗ್ಲಾಸಿಗೆ ಕೊಟ್ಟ ಏಟು ಹ್ಯಾಂಡಲ್ಲಿಗೆ, ಅಲ್ಲಿಂದ ಮುಂದಿನ ಚಕ್ರಕ್ಕೆ ಇಳಿಯುತ್ತದೆ. ಗಾಳಿಗೆ ಎದುರಾಗಿ ಮೊರ ಹಿಡಿದು ನಿಂತಹಾಗೆ. ಕೆಲವು ದುಬಾರಿ ಬೈಕುಗಳಲ್ಲಿ ಕಂಪನಿಯವರೇ ಚಾಸಿಗೆ ಕೂರಿಸಿಕೊಟ್ಟಿರುವ ಫೇರಿಂಗ್‌ನ ಮಾತು ಬೇರೆ. ಅದರ ಏಟು ಇಡೀ ಗಾಡಿಗೆ ಹಂಚಿಹೋಗುತ್ತದೆ, ಸ್ಟೀರಿಂಗ್ ಎಳೆಯುವುದಿಲ್ಲ.

ಗದಗ–ಹೊಸಪೇಟೆ ಹೆದ್ದಾರಿಯಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರ್‌ಗಳು ಆಗಾಗ ಸಿಗುತ್ತವೆ. ಅವನ್ನು ಹಿಂದಿಕ್ಕುವಾಗ ಮೊದಲು ಗಾಳಿಯೇ ಇಲ್ಲದ ಮರೆ, ತಲೆ ದಾಟಿದ ಕೂಡಲೇ ಒಂದು ನೂಕು. ಗ್ಲಾಸ್ ಇದ್ದಾಗ ಆ ನೂಕಿಗೆ ಎರಡೂ ಮುಂಗೈ ಬಿಗಿಯಾಗುತ್ತಿದ್ದವು. ಈಗ ನೂಕು ಮೈಗೆ ಬೀಳುತ್ತದೆ, ಹ್ಯಾಂಡಲ್ ತನ್ನ ಪಾಡಿಗೆ ನೇರ ಇರುತ್ತದೆ.

ಎರಡನೆಯದು ಸದ್ದು. ಗ್ಲಾಸ್ ತೆಗೆದರೆ ಗಾಳಿಯ ಸದ್ದು ಹೆಚ್ಚುತ್ತದೆ ಎಂದೇ ಎಲ್ಲರ ಎಣಿಕೆ. ನಡೆಯುವುದು ಬಹಳ ಸಲ ಉಲ್ಟಾ. ಗ್ಲಾಸಿನ ಮೇಲಂಚು ದಾಟಿದ ಗಾಳಿ ನೆಟ್ಟಗೆ ಹೋಗುವುದಿಲ್ಲ, ಸುರುಳಿ ಸುತ್ತುತ್ತದೆ. ಆ ಸುರುಳಿ ಯಾರ ಯಾವ ಭಾಗಕ್ಕೆ ಬಡಿಯುತ್ತದೆ ಎಂಬುದು ಅವರವರ ಎತ್ತರಕ್ಕೆ, ಸೀಟಿಗೆ, ಗ್ಲಾಸಿನ ಓರೆಗೆ ಬಿಟ್ಟದ್ದು. ನನಗೆ ಸರಿಯಾಗಿ ಹೆಲ್ಮೆಟ್ಟಿನ ಹಣೆಗೆ ಬಡಿಯುತ್ತಿತ್ತು. 70ರ ಮೇಲೆ ಹೋದರೆ ತಲೆಯೇ ಅದುರಿ, ಕಿವಿಯಲ್ಲಿ ಗುಂಯ್ ಎನ್ನುವ ಮೊರೆತ ಗಾಡಿ ನಿಲ್ಲಿಸಿದ ಮೇಲೂ ಉಳಿಯುತ್ತಿತ್ತು. ನಿಮಗೂ ಹೀಗಾಗುತ್ತಿದೆಯೇ ಎಂದು ನೋಡಬೇಕಾದರೆ ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಲ್ಲಿ. ತಲೆ ಸುರುಳಿಯಿಂದ ಮೇಲಕ್ಕೆ ಬಂದು ನೇರ ಗಾಳಿ ಸಿಕ್ಕ ಕ್ಷಣ ಮೊರೆತ ತಗ್ಗಿದರೆ, ಸದ್ದು ಮಾಡುತ್ತಿರುವುದು ಗಾಳಿಯಲ್ಲ, ನೀವು ದುಡ್ಡು ಕೊಟ್ಟು ಹಾಕಿಸಿದ ಗ್ಲಾಸು.

ಇನ್ನು ಕಣ್ಣು. ನಮ್ಮದು ಎರೆ ಭೂಮಿ. ಹೆಸರು ಬಂದಾಗ ಹೆಸರು, ಕಡಲೆ ಬಂದಾಗ ಕಡಲೆ, ಡಾಂಬರು ರಸ್ತೆಯೇ ಕಣ. ಬಳ್ಳಿ ಹರಡಿ ವಾಹನಗಳ ಗಾಲಿಗೆ ಒಕ್ಕಲು ಬಿಟ್ಟಿರುತ್ತಾರೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಮ್ಮ ಕಡೆ ಹೆದ್ದಾರಿಯಲ್ಲೇ ನಡೆಸುತ್ತಾರೆ. ಹೊಟ್ಟು, ಧೂಳು ಬೈಕಿನವನ ಪಾಲಿಗೆ. ಆ ಧೂಳನ್ನು ಗ್ಲಾಸಿನಿಂದ ಒಣಬಟ್ಟೆಯಲ್ಲಿ ಒರೆಸಿದಿರೋ, ಗೀರು ಬಿತ್ತು. ಗ್ಲಾಸ್ ಎನ್ನುತ್ತೇವೆ, ಆದರೆ ಅದು ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್. ಮನೆಯ ಕಿಟಕಿ ಗಾಜಿನ ಗಟ್ಟಿತನ ಅದರ ಮೈಗಿಲ್ಲ. ಕಿಟಕಿ ಒರೆಸುವ ಅಮೋನಿಯಾ ದ್ರಾವಣ ಹಾಕಿದರಂತೂ ಮಬ್ಬು ಹಿಡಿದು ಸಣ್ಣಸಣ್ಣ ಬಿರುಕು ಏಳುತ್ತವೆ. ಮುಂಡರಗಿಯಿಂದ ಸಂಜೆ ಹೊರಟರೆ ಇಳಿಹೊತ್ತಿನ ಸೂರ್ಯ ಕಣ್ಣೆದುರೇ. ಒಂದೊಂದು ಗೀರೂ ಬೆಳಕು ಹಿಡಿದು ಇಡೀ ಹಾಳೆ ಬೆಳ್ಳಗಾಗುತ್ತದೆ. ರಸ್ತೆಗೆ ಅಡ್ಡ ಬಂದ ಎಮ್ಮೆಯನ್ನು ಅದರ ವೈದ್ಯನೇ ಕಾಣದಿದ್ದರೆ ಹೇಗೆ? ಮಳೆಯಲ್ಲೂ ಇದೇ ಪಾಡು. ಹೆಲ್ಮೆಟ್ಟಿನ ವೈಸರ್ ಮೇಲಿನ ಹನಿಯನ್ನು ಎಡಗೈಯಿಂದ ಒರೆಸಿಕೊಳ್ಳಬಹುದು, ತಲೆ ಓರೆ ಮಾಡಿದರೆ ಹಾರಿಯೂ ಹೋಗುತ್ತದೆ. ಗ್ಲಾಸಿಗೆ ಕಾರಿನಂತೆ ವೈಪರ್ ಇಲ್ಲ.

ಬಿಚ್ಚಿದ ಹೊಸದರಲ್ಲಿ ಡಂಬಳದ ಚಹಾದಂಗಡಿಯಲ್ಲಿ ಒಬ್ಬರು ಕೇಳಿದರು, “ಗ್ಲಾಸ್ ಒಡೀತೇನ್ರಿ ಡಾಕ್ಟ್ರ?”

“ಇಲ್ಲ, ನಾನ ತಗಸೀನಿ.”

“ಮತ್ತ ಎದಿಗೆ ಗಾಳಿ ಹೊಡಿತೈತಲ್ರಿ!”

“ಹೊಡೀಲಿ. ಎಷ್ಟ್ ಜೋರ್ ಹೊಂಟೀನಿ ಅಂತ ಗೊತ್ತಾಗ್ತೈತಿ.”

ಅವರು ನಕ್ಕರು, ಆದರೆ ನಾನು ತಮಾಷೆಗೆ ಹೇಳಿದ್ದಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. 40ರಲ್ಲಿ ಅಂಗಿ ಅಲುಗಿಸುವ ಗಾಳಿ 80ಕ್ಕೆ ಬಂದಾಗ ಭುಜ ಹಿಡಿದು ಹಿಂದಕ್ಕೆ ಎಳೆಯುತ್ತದೆ. ಆ ಎಳೆತವೇ ಸಾಕು ಮಾಡು ಎನ್ನುವ ಮಾತು. ಗ್ಲಾಸಿನ ಮರೆಯಲ್ಲಿ ಕೂತವನಿಗೆ ಅದು ಕೇಳಿಸುವುದಿಲ್ಲ; ಮುಳ್ಳು 80 ದಾಟಿದರೂ ಮೈಗೆ 50ರ ಸುಖ. ಎರಡು ಚಕ್ರದ ವಾಹನಕ್ಕೆ ನಾಲ್ಕು ಪಥದ ಹೆದ್ದಾರಿಯಲ್ಲಿ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗವೂ 80. ಅಷ್ಟರೊಳಗೆ ಎದೆಗೆ ಬೀಳುವ ಗಾಳಿ ಆರೋಗ್ಯವಂತ ಮನುಷ್ಯ ತಡೆಯಲಾರದಂಥದ್ದೇನೂ ಅಲ್ಲ. ತಡೆಯಲಾಗದಿದ್ದರೆ ವೇಗ ಇಳಿಸಲಿ.

ಈ ದೊಡ್ಡ ಗ್ಲಾಸಿನ ಗೀಳು ನಮಗೆ ಅಮೆರಿಕದ ಬೈಕುಗಳ ಚಿತ್ರ ನೋಡಿ ಹತ್ತಿದ್ದು ಎಂದು ನನ್ನ ಗುಮಾನಿ. ಅಲ್ಲಿ ಅದಕ್ಕೆ ಅರ್ಥವಿತ್ತು. ಹೊಂಡಾ 1975ರಲ್ಲಿ ಗೋಲ್ಡ್ ವಿಂಗ್ ತಂದಾಗ ಅದಕ್ಕೆ ಗಾಳಿಮರೆಯೇ ಇರಲಿಲ್ಲ. ದಿನವಿಡೀ ನೆಟ್ಟಗಿನ ಹೆದ್ದಾರಿಯಲ್ಲಿ ಓಡುವ ಸವಾರರು ಕ್ರೇಗ್ ವೆಟರ್ ಎಂಬಾತ ಮಾಡುತ್ತಿದ್ದ ವಿಂಡ್‌ಜಾಮರ್ ಫೇರಿಂಗ್ ಕೊಂಡು ಹಾಕಿಸಿಕೊಂಡರು. ಕೊನೆಗೆ 1980ರಲ್ಲಿ ಹೊಂಡಾ ತಾನೇ ಫೇರಿಂಗ್ ಕೂರಿಸಿದ ಇಂಟರ್‌ಸ್ಟೇಟ್ ಮಾದರಿ ಇಳಿಸಿತು. ಆದರೆ ಅದೇ ಅಮೆರಿಕದ ಹಾರ್ಲೆ-ಡೇವಿಡ್‌ಸನ್ 1994ರಲ್ಲಿ ರೋಡ್ ಕಿಂಗ್ ತಂದಾಗ ಅದರ ಗ್ಲಾಸನ್ನು ಸುಲಭವಾಗಿ ಕಳಚಿಡುವಂತೆ ಮಾಡಿತು. ದೂರದ ದಾರಿಗೆ ಹಾಕು, ಊರೊಳಗೆ ತೆಗೆ ಎಂಬ ತಿಳಿವಳಿಕೆ ಅವರಿಗಿದೆ. ನಾವು ಸಂತೆಗೂ ಅದನ್ನು ಹೊತ್ತೇ ಹೋಗುತ್ತೇವೆ.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದಕ್ಕೆ. ಗ್ಲಾಸ್ ಇದೆಯಲ್ಲ ಎಂದು ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲೆ ಇಟ್ಟುಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ಹಾಕಿದವರಲ್ಲೂ ಅರ್ಧ ಜನ ಟೋಪಿಯಂಥದ್ದನ್ನು ಹಾಕಿ ಬರೀ ಪೊಲೀಸರಿಂದ ತಲೆ ಉಳಿಸಿಕೊಳ್ಳುತ್ತಾರೆ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬ ಆದೇಶ 2021ರ ಜೂನ್ 1ರಿಂದಲೇ ಜಾರಿಯಲ್ಲಿದೆ, ರಸ್ತೆಬದಿಯ ರಾಶಿ ಮಾತ್ರ ಕರಗಿಲ್ಲ. ಗಾಳಿ, ಹುಳ, ಧೂಳು ತಡೆಯುವ ಕೆಲಸ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟಿನದು, ಹ್ಯಾಂಡಲ್ಲಿನದಲ್ಲ. ಹೊಸ ಗಾಡಿ ಕೊಳ್ಳುವಾಗ ಎಕ್ಸ್‌ಟ್ರಾ ಫಿಟ್ಟಿಂಗ್ ಎಂದು ಗ್ಲಾಸು, ಗಾರ್ಡು ಎಲ್ಲ ಸೇರಿಸಿ ಬಿಲ್ ಬರೆಯುತ್ತಾರಲ್ಲ, ಆಗಲೇ ಗ್ಲಾಸ್ ಬೇಡ ಎನ್ನಿ. ಆ ದುಡ್ಡಿಗೆ ಒಳ್ಳೆಯ ಹೆಲ್ಮೆಟ್ಟು, ಗೀರು ಬಿದ್ದಾಗ ಬದಲಿಸಲು ಇನ್ನೊಂದು ವೈಸರ್ ತೆಗೆದುಕೊಳ್ಳಿ.

ಬಿಚ್ಚಿಸುವಾಗ ಒಂದು ಎಚ್ಚರ ಬೇಕು. ಕೆಲವು ಗಾಡಿಗಳಲ್ಲಿ ಗ್ಲಾಸಿನ ಬ್ರಾಕೆಟ್ಟನ್ನು ಹೆಡ್‌ಲೈಟಿನ ಬೋಲ್ಟಿಗೇ ಸೇರಿಸಿರುತ್ತಾರೆ. ಬ್ರಾಕೆಟ್ ಹೋದ ಮೇಲೆ ಆ ಉದ್ದನೆಯ ಬೋಲ್ಟು ಪೂರ್ತಿ ಬಿಗಿಯಾಗುವುದಿಲ್ಲ. ಸರಿಯಾದ ಅಳತೆಯದನ್ನು ವಾಶರ್ ಸಮೇತ ಹಾಕಿಸಬೇಕು. ಆಮೇಲೆ ಕತ್ತಲಲ್ಲಿ ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಲೈಟು ಮೇಲಕ್ಕೆದ್ದಿದೆಯೇ ನೋಡಿಕೊಳ್ಳಿ. ನನ್ನದರಲ್ಲಿ ಒಂದು ನಟ್ಟು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಮೆಕ್ಯಾನಿಕ್ ಸೀಮೆಎಣ್ಣೆ ಬಿಟ್ಟು, ಚಹಾ ಕುಡಿದು ಬಂದು, ಮತ್ತೆ ಪಾನಾ ಹಾಕಿದ. ರಬ್ಬರ್ ಬುಷ್‌ನ ಸಂದಿಯಲ್ಲಿ ಸತ್ತ ಹುಳಗಳು ಗಟ್ಟಿಯಾಗಿ ಕೂತಿದ್ದವು.

ಎಲ್ಲರೂ ತೆಗೆಯಲೇಬೇಕೆಂದು ನಾನು ಹೇಳುವುದಿಲ್ಲ. ಕುತ್ತಿಗೆ ನೋವಿನವರು, ಪುಷ್ಯದ ಚಳಿಯಲ್ಲಿ ನಸುಕಿಗೇ ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಡುವವರು ಇಟ್ಟುಕೊಳ್ಳಲಿ. ನನ್ನ ಗ್ಲಾಸನ್ನು ಗದಗದಿಂದ ಹುಬ್ಬಳ್ಳಿಗೆ ಹೋಗಿಬರುವ ಸಹೋದ್ಯೋಗಿಯೊಬ್ಬರು ಒಯ್ದಿದ್ದಾರೆ. ನನಗಿಂತ ಗೇಣು ಎತ್ತರದ ಆಳು. ಗಾಳಿಯ ಸುರುಳಿ ಅವರ ಭುಜಕ್ಕೇ ಮುಗಿಯುತ್ತದಂತೆ, ಗೀರೂ ಅವರ ಕಣ್ಣಿಗೆ ಅಡ್ಡ ಬರುವುದಿಲ್ಲವಂತೆ. ಬೇಡವಾದರೆ ಬೇರೆ ಯಾರಿಗಾದರೂ ಕೊಡಿ, ನನಗೆ ಮಾತ್ರ ವಾಪಸ್ ತರಬೇಡಿ ಎಂದು ಮೊದಲೇ ಹೇಳಿದ್ದೇನೆ.