ಕರೆಂಟು ಮುಟ್ಟದ ಮಡಿ

ಈಚೆಗೆ ನಮ್ಮ ಕಡೆ ಹೊಸದೊಂದು ಮಡಿ ಶುರುವಾಗಿದೆ. ಕರೆಂಟು ಮುಟ್ಟದ ಮಡಿ. ಬೆಂಗಳೂರಿನಲ್ಲಿ ಹತ್ತು ಹದಿನೈದು ವರ್ಷ ಕಂಪ್ಯೂಟರ್ ಮುಂದೆ ಕೂತು ಸಾಕಾದವರು ನಮ್ಮ ಹೊಳೆಸಾಲಿನಲ್ಲಿ ಎರಡೋ ಮೂರೋ ಎಕರೆ ಕೊಂಡು, ಮಣ್ಣಿನ ಗೋಡೆಯ ಮನೆ ಕಟ್ಟಿಕೊಂಡು, ‘ನಮಗೆ ಲೈನು ಬೇಡ, ನಾವು ಸ್ವಾವಲಂಬಿಗಳು’ ಎನ್ನುತ್ತಾರೆ. ಮನೆ ನೋಡಲು ಹೋದವರಿಗೆ ಮೊದಲು ತೋರಿಸುವುದು ದೇವರ ಮನೆಯನ್ನಲ್ಲ, ಬ್ಯಾಟರಿ ಇಟ್ಟ ಕೋಣೆಯನ್ನು. ಆಮೇಲೆ ಒಂದು ಉಪದೇಶ: ನಮ್ಮ ಅಜ್ಜ ಅಜ್ಜಿಯರೆಲ್ಲ ಹೀಗೇ ಬದುಕಿದ್ದರಲ್ಲವೆ, ಅವರಿಗೇನು ಕಡಿಮೆಯಾಗಿತ್ತು?

ಅಜ್ಜನ ವಿಷಯ ನನಗೆ ಗೊತ್ತಿಲ್ಲ. ಅಜ್ಜಿಗೆ ಏನು ಕಡಿಮೆಯಾಗಿತ್ತು ಎಂಬುದನ್ನು ಹೇಳಬಲ್ಲೆ.

ನಾನು ಹುಟ್ಟಿ ಬೆಳೆದದ್ದು ಸೋಸಲೆಯಲ್ಲಿ. ತಿರುಮಕೂಡಲಿನಲ್ಲಿ ಕಾವೇರಿ, ಕಪಿಲೆ ಕೂಡುತ್ತವಲ್ಲ, ಅಲ್ಲಿಂದ ಬಹಳ ದೂರವಿಲ್ಲ. ಹೊರಗಿನವರಿಗೆ ವ್ಯಾಸರಾಜ ಮಠದಿಂದ ಗೊತ್ತಿರುವ ಊರು. ನಮ್ಮ ಬೀದಿಗೆ ಕಂಬ ಬಂದು ಎಷ್ಟೋ ವರ್ಷವಾಗಿತ್ತು; ನಮ್ಮ ಮನೆಯೊಳಕ್ಕೆ ತಂತಿ ಬಂದದ್ದು ಮಾತ್ರ 1981ರಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಕಂಬಕ್ಕೂ ನಮ್ಮ ಜಗಲಿಗೂ ಹತ್ತು ಮಾರು ದೂರ. ಆ ಹತ್ತು ಮಾರಿಗೆ ದುಡ್ಡು ಕಟ್ಟುವ ಶಕ್ತಿ ಅಪ್ಪನಿಗೆ ಬರಲು ಅಷ್ಟು ವರ್ಷ ಬೇಕಾಯಿತು.

ಸಾಯಂಕಾಲ ನಾಲ್ಕಕ್ಕೆ ಲಾಟೀನಿನ ಕೆಲಸ. ಗಾಜು ಬಿಚ್ಚಿ, ಒಲೆಯ ಬೂದಿ ಹಾಕಿ, ಹಳೇ ಪಂಚೆಯ ಚೂರಿನಿಂದ ಒಳಗೆಲ್ಲ ಒರೆಸಬೇಕು. ದೊಡ್ಡವರ ಕೈ ಒಳಗೆ ಹೋಗದು, ಆದ್ದರಿಂದ ಅದು ಹೆಣ್ಣುಹುಡುಗಿಯರ ಪಾಲು. ನನ್ನ ತಮ್ಮನ ಕೈ ನನ್ನದಕ್ಕಿಂತಲೂ ಸಣ್ಣದಿತ್ತು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ರೇಷನ್ ಅಂಗಡಿಯ ಸೀಮೆಎಣ್ಣೆ ತಿಂಗಳ ಕೊನೆಗೆ ಮುಗಿದರೆ ಒಂದೇ ಬುಡ್ಡಿ. ಅದನ್ನು ಓದುವ ಮಕ್ಕಳ ಮುಂದಿಡಬೇಕು. ಅಮ್ಮ ಕತ್ತಲಲ್ಲೇ ಕೈಯಳತೆಯಲ್ಲಿ ಸಾರಿಗೆ ಉಪ್ಪು ಹಾಕುತ್ತಿದ್ದಳು. ಉಪ್ಪು ಹೆಚ್ಚಾದ ದಿನ ಬೈಗುಳ ಬುಡ್ಡಿಗೆ ಬೀಳುತ್ತಿರಲಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಅಜ್ಜಿ ರಾಗಿ ಬೀಸಲು ಕೂರುತ್ತಿದ್ದಳು. ಬೀಸುವ ಕಲ್ಲಿನ ಪದಗಳು ಎಷ್ಟು ಸೊಗಸು, ನಮ್ಮ ಜನಪದದ ಸಂಪತ್ತು ಎಂದು ನಾನೂ ತರಗತಿಯಲ್ಲಿ ಪಾಠ ಮಾಡಿದವಳೇ. ಆದರೆ ಅಜ್ಜಿಯನ್ನೇ ಒಮ್ಮೆ ಕೇಳಿದ್ದೆ, ಯಾಕೆ ಹಾಡ್ತೀಯಜ್ಜಿ ಎಂದು. ‘ಇಲ್ದಿದ್ರೆ ನಿದ್ದೆ ಬಂದು ಕಲ್ಲಿನ ಮೇಲೆ ಬೀಳ್ತೀನಿ ಕಣೆ’ ಎಂದಳು. ಅರವತ್ತು ದಾಟುವ ಮುಂಚೆಯೇ ಅವಳಿಗೆ ಉಸಿರು ಕಟ್ಟುವ ಕೆಮ್ಮು ಹತ್ತಿತು. ಬೀಡಿ ಸೇದದ ಹೆಂಗಸಿಗೆ ಇದೆಲ್ಲಿಂದ ಬಂತು ಎಂದು ಡಾಕ್ಟರು ಕೇಳಿದರಂತೆ. ನಲವತ್ತು ವರ್ಷ ಅವಳ ಬಾಯಲ್ಲಿದ್ದ ಊದುಗೊಳವೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಲೆಕ್ಕ ಬಂದಿದೆ: ಮನೆಯೊಳಗಿನ ಒಲೆ ಹೊಗೆಯಿಂದ 2020ನೇ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಜ್ಜಿ ಸತ್ತಾಗ ಬರೆಸಿದ್ದು ‘ವಯಸ್ಸಾಗಿತ್ತು’ ಎಂದು.

ಇದನ್ನೆಲ್ಲ ನೆನೆದಾಗ ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ನಮ್ಮೂರ ಪಕ್ಕ ಹರಿದ ಇದೇ ಕಾವೇರಿ ತಲಕಾಡು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. 1902ರಲ್ಲಿ ಅಲ್ಲಿ ಕರೆಂಟು ಹುಟ್ಟಿತು. ಹುಟ್ಟಿದ್ದು ನೇರವಾಗಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ, ತಪ್ಪೇನಿಲ್ಲ. ಆದರೆ ಅದೇ ನೀರನ್ನು ಬಿಂದಿಗೆಯಲ್ಲಿ ಹೊತ್ತ ನಮ್ಮ ಮನೆಯ ಹೆಂಗಸರಿಗೆ ಒಂದು ಬಲ್ಬು ಸಿಗಲು 79 ವರ್ಷ ಹಿಡಿಯಿತು. ನಮ್ಮಜ್ಜಿ ತಂತಿಯನ್ನು ಬಿಟ್ಟವಳಲ್ಲ. ತಂತಿಯೇ ಅವಳನ್ನು ದಾಟಿಕೊಂಡು ಹೋಗಿತ್ತು. ಸಿಗದೆ ಉಪವಾಸವಿದ್ದವಳನ್ನು ಏಕಾದಶಿ ಮಾಡಿದಳೆಂದು ಹೊಗಳುವುದು ಯಾವ ನ್ಯಾಯ?

ಸರ್ಕಾರದ ಲೆಕ್ಕವೂ ಹಾಗೇ ಇತ್ತು. 1997ರವರೆಗೆ ಊರ ಎಲ್ಲೆಯೊಳಗೆ ಯಾವ ಕೆಲಸಕ್ಕಾದರೂ ಕರೆಂಟು ಬಳಕೆಯಾದರೆ ಆ ಊರು ‘ವಿದ್ಯುದೀಕರಣ’ಗೊಂಡಂತೆ. ಅಂದರೆ ಗೌಡರ ಗದ್ದೆಯಲ್ಲಿ ಒಂದು ಪಂಪ್‌ಸೆಟ್ ಓಡಿದರೆ ಸಾಕು. 2004ರಲ್ಲಿ ನಿಯಮ ಬಿಗಿಯಾಯಿತು: ನೂರಕ್ಕೆ ಹತ್ತು ಮನೆ, ಜೊತೆಗೆ ಶಾಲೆ, ಪಂಚಾಯ್ತಿಯಂಥ ಕಡೆಗಳಿಗೆ ಬಂದರೆ ಆಯಿತು. ಉಳಿದ ತೊಂಬತ್ತು ಮನೆಯ ಹೆಂಗಸರು ವಿದ್ಯುದೀಕರಣಗೊಂಡ ಊರಿನಲ್ಲಿ ಬುಡ್ಡಿ ಹಚ್ಚಿಕೊಂಡಿರಬಹುದು. ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ಮುಟ್ಟಿತೆಂದು 2018ರ ಏಪ್ರಿಲ್‌ನಲ್ಲಿ ಸಾರಿದಾಗಲೂ ಅಳತೆಗೋಲು ಇದೇ.

2010ರ ಬೇಸಿಗೆಯಲ್ಲಿ ಜನಗಣತಿಗಾಗಿ ಮನೆಪಟ್ಟಿ ಮಾಡುವ ಡ್ಯೂಟಿ ನಮಗೂ ಬಿತ್ತು. ಮೇಷ್ಟ್ರು ಮೇಡಂಗಳಿಗೆ ಬೇಸಿಗೆ ರಜೆ ಎಂದರೆ ಇದೇ ತಾನೆ. ಆ ನಮೂನೆಯಲ್ಲಿ ಕೇಳುತ್ತಿದ್ದರು: ಬೆಳಕಿನ ಮುಖ್ಯ ಮೂಲ ಯಾವುದು, ವಿದ್ಯುತ್ತೋ, ಸೀಮೆಎಣ್ಣೆಯೋ, ಸೌರಶಕ್ತಿಯೋ? ಕುಡಿಯುವ ನೀರು ಮನೆಯ ಆವರಣದಲ್ಲಿಯೋ, ಹತ್ತಿರವೋ, ದೂರವೋ? ಅಡಿಗೆಗೆ ಸೌದೆಯೋ, ಬೆರಣಿಯೋ, ಗ್ಯಾಸೋ? ಒಳ್ಳೆಯ ಪ್ರಶ್ನೆಗಳು. ಒಂದು ಮನೆಯ ಹೊಸಿಲಲ್ಲಿ ಕೂತು ‘ನೀರು ದೂರ’ ಎಂದು ಬರೆದುಕೊಳ್ಳುವಾಗ, ತಲೆ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಆ ಮನೆಯ ಸೊಸೆ ಒಳಗೆ ಬಂದಳು. ಹೊರುವವರು ಯಾರು ಎಂಬ ಕಾಲಂ ಎಲ್ಲಿದೆ ಎಂದು ಹುಡುಕಿದೆ. ಇರಲಿಲ್ಲ.

ತಂತಿಯಿಲ್ಲದ ಬದುಕನ್ನು ಹೊಗಳುವ ಎಲ್ಲರಲ್ಲೂ ಬಿಟ್ಟುಹೋಗಿರುವುದು ಆ ಒಂದು ಕಾಲಮ್ಮೇ. ಕರೆಂಟು ಮನೆಯಿಂದ ಹೊರಗೆ ಹೋದಾಗ ಅದು ಮಾಡುತ್ತಿದ್ದ ಕೆಲಸವೂ ಜೊತೆಗೇ ಹೋಗುವುದಿಲ್ಲ. ನೀರು ಎತ್ತಬೇಕು, ರುಬ್ಬಬೇಕು, ಒಗೆಯಬೇಕು. ಅದು ಯಾರ ತೋಳಿಗೆ ಬರುತ್ತದೆ ಎಂದು ನಾನು ಬಾಯಿಬಿಟ್ಟು ಹೇಳಬೇಕೆ?

ಊಹೆಯ ಮೇಲೆ ಹೇಳುತ್ತಿಲ್ಲ. ನನ್ನ ಅಣ್ಣನ ಮಗನೇ ಇಂಥದೊಂದು ಮನೆ ಕಟ್ಟಿದ್ದಾನೆ. ಒಳ್ಳೆಯ ಹುಡುಗ, ದುಶ್ಚಟವಿಲ್ಲ, ಸುಳ್ಳು ಹೇಳುವವನಲ್ಲ. ಗೃಹಜ್ಯೋತಿಯ ಪುಕ್ಕಟೆ ಕರೆಂಟು ಕೂಡ ಬೇಡವೆಂದ ಸ್ವಾಭಿಮಾನಿ. ಅವನ ಹೆಂಡತಿ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದವಳು, ಬಿಟ್ಟು ಬಂದಿದ್ದಾಳೆ. ಎರಡು ವರ್ಷದ ಮಗು. ಹೋದ ಆಷಾಢದಲ್ಲಿ ಮಗುವಿಗೆ ಜ್ವರವೆಂದು ಸಹಾಯಕ್ಕೆ ಹೋಗಿ ಒಂಬತ್ತು ದಿನ ಇದ್ದೆ.

ಚಾವಣಿಯ ಮೇಲೆ ಒಂದು ಕಿಲೋವ್ಯಾಟಿನ ಸೋಲಾರ್ ಫಲಕಗಳು. ಒಳ್ಳೇ ಬಿಸಿಲಿದ್ದರೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಬರುತ್ತದೆ, ಸಣ್ಣ ಸಂಸಾರಕ್ಕೆ ಧಾರಾಳ. ಆಷಾಢದ ಮೋಡಕ್ಕೆ ಒಂದು ಯೂನಿಟ್ಟೂ ಕಷ್ಟ. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಅದರ ಆಯುಷ್ಯ ಕಮ್ಮಿಯಾಗುತ್ತದಂತೆ. ಅದಕ್ಕಾಗಿ ಯಾವುದನ್ನು ಮೊದಲು ಆರಿಸಬೇಕೆಂದು ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದ. ಮೊದಲು ಬಾವಿಯ ಮೋಟಾರು. ಎರಡನೆಯದು ಬಟ್ಟೆ ಒಗೆಯುವ ಮೆಷಿನ್ನು. ಮೂರನೆಯದು ಮಿಕ್ಸಿ, ಆಮೇಲೆ ಫ್ರಿಜ್ಜು. ಕಟ್ಟಕಡೆಗೆ ಇಂಟರ್ನೆಟ್ಟಿನ ಡಬ್ಬ ಮತ್ತು ಅವನ ಲ್ಯಾಪ್‌ಟಾಪು. ಅವನ ಸಂಪಾದನೆ ಅದರಲ್ಲೇ, ಒಪ್ಪೋಣ. ಪಟ್ಟಿ ಬರೆಯುವಾಗ ಅವನಿಗೆ ಯಾವ ಕೆಟ್ಟ ಯೋಚನೆಯೂ ಇರಲಿಲ್ಲ, ಹೆಚ್ಚು ಕರೆಂಟು ತಿನ್ನುವುದು ಮೇಲೆ, ಕಡಿಮೆ ತಿನ್ನುವುದು ಕೆಳಗೆ, ಅಷ್ಟೆ. ಅದನ್ನೂ ಒಪ್ಪೋಣ. ಆದರೂ ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ, ಮೊದಲ ನಾಲ್ಕೂ ಅವಳ ಕೆಲಸ, ಕೊನೆಯ ಎರಡು ಅವನ ಕೆಲಸ.

ನಾನು ಹೋದ ಮೂರನೆಯ ದಿನಕ್ಕೆ ಮೊದಲ ಮೂರೂ ಆರಿದವು. ಅವಳು ರಾಟೆಗೆ ಹಗ್ಗ ಹಾಕಿದಳು. ಹಸುಗಳಿಗೆ, ಸ್ನಾನಕ್ಕೆ, ಜ್ವರದ ಮಗುವಿನ ಬಟ್ಟೆಗೆ, ಗೋಬರ್ ಗ್ಯಾಸಿನ ಸಗಣಿ ಕಲಸುವುದಕ್ಕೆ. ನಾನು ಹಿಂದಿನ ಕ್ಯಾಲೆಂಡರಿನ ಹಾಳೆಯ ಮೇಲೆ ಗೀಟು ಹಾಕುತ್ತ ಹೋದೆ, ಮೇಡಮ್ಮನ ಚಾಳಿ. ಸಂಜೆಗೆ ಹದಿನೆಂಟು ಕೊಡ. ಹದಿನೈದು ಲೀಟರಿನ ಕೊಡ, 270 ಲೀಟರು. ನಾನು ಕೈ ಹಾಕಿದ್ದು ಮೂರು ಕೊಡಕ್ಕೆ, ಆಮೇಲೆ ಭುಜ ಕೇಳಲಿಲ್ಲ.

‘ನೀನೇ ಮೋಟಾರಾಗಿಬಿಟ್ಟಿದ್ದೀಯಲ್ಲಮ್ಮ’ ಎಂದೆ ತಮಾಷೆಗೆ.

‘ಮೋಟಾರಿಗಾದ್ರೆ ಬಿಸಿಯಾದಾಗ ತಾನೇ ಆಫ್ ಆಗೋ ಸ್ವಿಚ್ಚಿದೆ ಅತ್ತೆ’ ಎಂದಳು. ಅವಳು ತಮಾಷೆಗೆ ಹೇಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಆ ಹಾಳೆಯನ್ನು ಅವನ ಮುಂದಿಟ್ಟೆ. ‘ಅತ್ತೆ, ನೀವೇ ಲಾಟೀನಲ್ಲಿ ಓದಿ ಬಿ.ಎ., ಬಿ.ಎಡ್. ಮಾಡಿದವರು, ನೀವೇ ಹೀಗಂದ್ರೆ ಹೇಗೆ?’ ಎಂದ. ಮುಖ ಕೆಂಪಗಾಗಿತ್ತು. ‘ಲಾಟೀನು ಏಳನೇ ಕ್ಲಾಸಿಗೆ ಮುಗೀತು ಕಣಪ್ಪ, ಮುಗಿದಿದ್ದಕ್ಕೇ ಬಿ.ಎ. ಆಯ್ತು’ ಎಂದೆ. ಮಾತು ಬೆಳೆಯಿತು. ಅಮೆರಿಕದ ಥೋರೋ ಕಾಡಿನ ಕೊಳದ ದಂಡೆಯಲ್ಲಿ ಒಬ್ಬನೇ ಎರಡು ವರ್ಷ ಬದುಕಿ ತೋರಿಸಲಿಲ್ಲವೆ ಎಂದ. ನಾನೂ ಕೇಳಿಬಲ್ಲೆ, 1845ರಿಂದ 1847ರವರೆಗೆ. ಊರು ನಡೆದು ಹೋಗುವಷ್ಟು ಹತ್ತಿರವಿತ್ತು, ಅವನ ಬಟ್ಟೆಯನ್ನು ಮನೆಯವರೇ ಒಗೆದು ಕೊಡುತ್ತಿದ್ದರೆಂಬ ಮಾತೂ ಇದೆ ಎಂದೆ. ಅವನು ಎದ್ದು ಕೈ ತೊಳೆದುಕೊಂಡ. ಕೈ ತೊಳೆದ ನೀರೂ ಅವಳು ಸೇದಿದ್ದೇ ಎಂದು ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಷ್ಟಕ್ಕೇ ಎರಡು ದಿನ ನನ್ನೊಡನೆ ಮಾತಿಲ್ಲ.

ಈಗ ಅವನ ಪರವಾಗಿಯೂ ಹೇಳಬೇಕು, ಇಲ್ಲದಿದ್ದರೆ ಹಟವಾದೀತು. ಮೋಡ ಹರಿದ ಏಳನೇ ರಾತ್ರಿ ಅಂಗಳದಲ್ಲಿ ಚಾಪೆ ಹಾಸಿಕೊಂಡು ಮಲಗಿದೆವು. ಅಷ್ಟು ನಕ್ಷತ್ರಗಳನ್ನು ನಾನು 1981ರಿಂದೀಚೆಗೆ ನೋಡಿರಲಿಲ್ಲ. ಟಿ.ವಿ. ಇಲ್ಲದ ಮನೆಯಲ್ಲಿ ಮಗು ಕಥೆ ಕೇಳಿ ನಿದ್ದೆ ಮಾಡುತ್ತದೆ. ನರಸೀಪುರದಲ್ಲಿ ಗಾಳಿ ಮಳೆಗೆ ಲೈನು ಹೋಗಿ ಇಡೀ ಬೀದಿ ಕತ್ತಲಾದಾಗ ಅವರ ಮನೆಯಲ್ಲಿ ಎರಡು ದೀಪವಾದರೂ ಉರಿಯುತ್ತಿರುತ್ತವೆ. ಎಷ್ಟಿದೆಯೋ ಅಷ್ಟರಲ್ಲಿ ನಡೆಸುವ ಅಳತೆ ಅವರಿಗೆ ಗೊತ್ತು. ಬಾತ್‌ರೂಮಿನ ದೀಪ ಬೆಳಗಿನವರೆಗೆ ಉರಿಸುವ ನನಗೆ ಗೊತ್ತಿಲ್ಲ. ಬಿಸಿಲ ಹಂಡೆ, ಗೋಬರ್ ಗ್ಯಾಸು ಎರಡೂ ಅಜ್ಜಿಯ ಕಾಲದಲ್ಲಿದ್ದಿದ್ದರೆ ಅವಳು ಇನ್ನೊಂದಿಷ್ಟು ವರ್ಷ ಬದುಕುತ್ತಿದ್ದಳೋ ಏನೋ.

ತಂತಿ ನಂಬದೆ ಬದುಕುವ ದಾರಿಯನ್ನು ಸರಿಯಾದ ತುದಿಯಿಂದ ಹಿಡಿದವರೂ ನಮ್ಮ ರಾಜ್ಯದಲ್ಲಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಮತ್ತು ಅವರ ಸಂಗಡಿಗರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ಅಂಥ ದೊಡ್ಡ ವಿಜ್ಞಾನಿಗಳು ಹಳ್ಳಿಯ ಅಡಿಗೆಮನೆಗೆ ಹೋಗಿ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ ‘ಅಸ್ತ್ರ ಒಲೆ’ ಮಾಡಿಕೊಟ್ಟರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಊರಿನಲ್ಲಿ ಊರ ದನಗಳ ಸಗಣಿಯನ್ನೆಲ್ಲ ಒಂದು ಕಡೆ ಸೇರಿಸಿ ಗ್ಯಾಸು ಮಾಡಿದರು. ಎಲ್ಲರ ಅಡಿಗೆಗೆ ಅದು ಸಾಲದೆಂದು ಗೊತ್ತಾದಾಗ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, 1987ರಿಂದ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟರು. ಸಿಕ್ಕ ಸ್ವಲ್ಪ ಶಕ್ತಿಯಲ್ಲಿ ನೀರೆತ್ತುವ ಪಂಪಿಗೆ ಪಾಲು ಸಿಕ್ಕಿತು, ಗಮನಿಸಿ. ನನ್ನ ಅಣ್ಣನ ಮಗನ ಪಟ್ಟಿಯಲ್ಲಿ ಮೊದಲು ಆರುವುದೇ ಅದು.

ಒಂಬತ್ತನೆಯ ದಿನ ಹೊರಡುವಾಗ ಅವಳನ್ನು ಪಕ್ಕಕ್ಕೆ ಕರೆದು, ಲೈನಿಗೆ ಅರ್ಜಿ ಹಾಕಿಸಲಾ, ನಾನು ಹೇಳಿದರೆ ಅಣ್ಣ ಕೇಳುತ್ತಾನೆ ಎಂದೆ. ಅವಳು ತಲೆಯಾಡಿಸಿದಳು. ‘ಬೇಡ ಅತ್ತೆ. ನಂಗೂ ಈ ಮನೆ ಇಷ್ಟಾನೇ. ನಂಗೆ ಆ ಪಟ್ಟಿ ತಿರುಗಿಸಿ ಬರೀಬೇಕು, ಆ ರಾಟೆಗೆ ಸರದಿ ಬೇಕು.’ ನನ್ನ ಸಿಟ್ಟೆಲ್ಲ ಹೋಗಿ ನಗು ಬಂತು. ನಾನು ಅವಳಿಗೆ ತಂತಿ ಕೊಡಿಸಲು ಹೊರಟಿದ್ದೆ, ಅವಳಿಗೆ ಬೇಕಾದದ್ದೇನೆಂದು ಅಲ್ಲಿಯವರೆಗೆ ನಾನೂ ಕೇಳಿರಲಿಲ್ಲ.

ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದಾಗ ಅವಳೇ ಹೇಳಿದಳು. ಬಾವಿಗೆ ಬೇರೆ ಫಲಕ ಹಾಕಿ ಸಣ್ಣ ಸೋಲಾರ್ ಪಂಪು ಕೂಡಿಸಿದ್ದಾರೆ. ಗೋಡೆಯ ಮೇಲೆ ಹೊಸ ಪಟ್ಟಿ ಬಂದಿದೆ, ಅವಳ ಕೈಬರಹದ್ದು. ಮೋಡದ ದಿನಕ್ಕೆ ರಾಟೆಯ ಸರದಿಯೂ ಅದರಲ್ಲೇ. ಸೋಮ, ಬುಧ, ಶುಕ್ರ ಅವನದು. ಮಂಗಳ, ಗುರು, ಶನಿ ಅವಳದು. ಭಾನುವಾರದ ಮುಂದೆ ಇನ್ನೂ ಯಾರ ಹೆಸರೂ ಬಿದ್ದಿಲ್ಲವಂತೆ, ಚರ್ಚೆ ನಡೆಯುತ್ತಿದೆ.