ನಡುಪ್ರಾಯದಲ್ಲಿ ಬೆನ್ನಿಗೆ ಚೀಲ

ಮಲೆನಾಡಿನ ಮನೆಗಳಲ್ಲಿ ದೂರದ ಯಾತ್ರೆಗೆ ಒಂದು ವಯಸ್ಸು ನಿಗದಿಯಾಗಿದೆ. ಮಕ್ಕಳ ಮದುವೆ ಮುಗಿಯಬೇಕು, ತೋಟದ ಲೆಕ್ಕ ಮಗನ ಕೈಗೆ ಹೋಗಬೇಕು, ಮಂಡಿನೋವು ಆರಂಭವಾಗಬೇಕು, ಆಮೇಲೆ ಕಾಶಿ. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಗೋರಖಪುರದ ದಾರಿಯಾಗಿ ನೇಪಾಳದ ಮುಕ್ತಿನಾಥ. ನಲವತ್ತೈದರ ಕೃಷಿಕನೋ ಶಾಲಾ ಮಾಸ್ತರರೋ ಎರಡು ತಿಂಗಳ ಮಟ್ಟಿಗೆ ಮನೆ ಬಿಟ್ಟು, ಬೆನ್ನಿಗೆ ಚೀಲ ಏರಿಸಿಕೊಂಡು ಹೊರದೇಶದ ಬೆಟ್ಟ ಹತ್ತಲು ಹೊರಟರೆ ಊರಿನವರು ಎರಡೇ ಕಾರಣ ಊಹಿಸುತ್ತಾರೆ: ಮನೆಯಲ್ಲಿ ಜಗಳ, ಇಲ್ಲವೇ ತಲೆಯಲ್ಲಿ ದೋಷ. ಹೊರಟವಳು ಹೆಂಗಸಾದರಂತೂ ಊಹೆಗಳಿಗೆ ಮಿತಿಯೇ ಇರುವುದಿಲ್ಲ. ಈ ಕ್ರಮವನ್ನು ತಿರುಗುಮುರುಗು ಮಾಡುವುದು ಒಳ್ಳೆಯದು. ದೀರ್ಘ ಕಾಲ್ನಡಿಗೆಯ ಪ್ರವಾಸಕ್ಕೆ ನಡುಪ್ರಾಯವೇ ತಕ್ಕ ಕಾಲ. ಅದರಲ್ಲೂ ಬೆಟ್ಟದ ಕೃಷಿಕರಿಗೆ ಅದು ಬರೀ ವಿಲಾಸವಲ್ಲ.

ಮುಕ್ತಿನಾಥವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆ ಕ್ಷೇತ್ರವಿರುವುದು 3,700 ಮೀಟರಿಗೂ ಮೇಲೆ. ಸುಮಾರು 820 ಮೀಟರ್ ಎತ್ತರದ ಪೋಖರಾದಿಂದ ಜೀಪು ಹತ್ತಿದ ಎಪ್ಪತ್ತರ ವೃದ್ಧರು ಒಂದೆರಡು ದಿನಗಳಲ್ಲೇ ಅಲ್ಲಿರುತ್ತಾರೆ. ರಕ್ತದೊತ್ತಡದ ಮಾತ್ರೆ ಚೀಲದಲ್ಲಿರುತ್ತದೆ, ಉಸಿರು ಮಾತ್ರ ಕೆಳಗೆಲ್ಲೋ ಉಳಿದಿರುತ್ತದೆ. ಅದೇ ಮುಕ್ತಿನಾಥಕ್ಕೆ ಇನ್ನೊಂದು ದಾರಿಯಿದೆ. ಬೇಸಿಸಹರ್‌ನಿಂದ ಮರ್ಸ್ಯಾಂಗ್ದಿ ನದಿಯ ಗುಂಟ ಮೇಲೇರಿ, 3,540 ಮೀಟರಿನ ಮನಾಂಗ್ ಊರಿನಲ್ಲಿ ತಂಗಿ, 5,416 ಮೀಟರಿನ ಥೋರಂಗ್ ಲಾ ಕಣಿವೆಯನ್ನು ದಾಟಿ ಇಳಿಯುವ ದಾರಿ ಅದು. ಅನ್ನಪೂರ್ಣಾ ಪರಿಕ್ರಮವೆಂದು ಹೆಸರಾದ ಈ ನಡಿಗೆಗೆ ಎರಡು ಮೂರು ವಾರ ಬೇಕು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಎಂಬುದನ್ನು ನೆನೆದರೆ ಈ ಅಂಕಿಗಳ ಅರ್ಥವಾದೀತು. ಥೋರಂಗ್ ಲಾದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತಡಿಯ ಅರ್ಧದಷ್ಟು ಮಾತ್ರ.

ಬೆಟ್ಟದ ಕಾಯಿಲೆ ವಯಸ್ಸನ್ನು ನೋಡಿ ಬರುವುದಿಲ್ಲ, ಏರುವ ವೇಗವನ್ನು ನೋಡಿ ಬರುತ್ತದೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎನ್ನುವುದು ವೈದ್ಯರ ನಿಯಮ. ಇಪ್ಪತ್ತರ ಹುಡುಗನಿಗೆ ಈ ನಿಯಮ ಪಾಲಿಸುವುದು ಕಷ್ಟ. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾದವನಿಗೆ ಅಷ್ಟು ಕಷ್ಟವಲ್ಲ. ಹಾಗೆಂದು ಹೃದಯ ಮತ್ತು ಶ್ವಾಸಕೋಶಗಳ ತಪಾಸಣೆಯಿಲ್ಲದೆ ಹೊರಡುವುದು ಮೂರ್ಖತನ. ಹವಾಮಾನವನ್ನು ಕಡೆಗಣಿಸುವುದೂ ಅಷ್ಟೇ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಶೇಷ ಎರಡೇ ದಿನದಲ್ಲಿ ಥೋರಂಗ್ ಲಾದ ಮೇಲೆ ಹಿಮವಾಗಿ ಸುರಿದು, ಆ ಸೀಮೆಯಲ್ಲಿ 40ಕ್ಕೂ ಹೆಚ್ಚು ಮಂದಿ ಸತ್ತರು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಕೇಳಿ ಅಂಗಳದ ಅಡಿಕೆ ಒಳಗೆ ಸೇರಿಸುವ ಮಲೆನಾಡಿಗರಿಗೆ ಈ ಸಂಬಂಧವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಥ ನಡಿಗೆಯಲ್ಲಿ ಕೃಷಿಕನ ಕಣ್ಣಿಗೆ ಕಾಣುವುದು ಚಾರಣದ ಕೈಪಿಡಿಗಳಲ್ಲಿ ಇರುವುದಿಲ್ಲ. ಕೆಳಗಿನ ಊರುಗಳ ಮೆಟ್ಟಿಲುಗದ್ದೆಗಳಲ್ಲಿ ಮೆಕ್ಕೆಜೋಳ ಇನ್ನೂ ನಿಂತಿರುವಾಗಲೇ ಅದರ ಬುಡದಲ್ಲಿ ರಾಗಿಯ ಸಸಿ ನೆಡುತ್ತಾರೆ. ಜೋಳ ಕಟಾವಾದ ಮೇಲೆ ರಾಗಿ ತಲೆಯೆತ್ತುತ್ತದೆ. ಆ ರಾಗಿಗೆ ಅಲ್ಲಿನ ಹೆಸರು ಕೋದೋ. ಕನ್ನಡನಾಡಿನ ಹಾರಕಕ್ಕೆ ಹಿಂದಿಯಲ್ಲಿ ಅದೇ ಹೆಸರಿರುವುದರಿಂದ, ಓದಿಕೊಂಡು ಹೋದವರೂ ಮೊದಲ ದಿನ ಗೊಂದಲಕ್ಕೆ ಬೀಳುತ್ತಾರೆ! ಲಮ್ಜುಂಗ್ ಜಿಲ್ಲೆಯ ತಂಪು ಓರೆಗಳಲ್ಲಿ ದೊಡ್ಡ ಏಲಕ್ಕಿಯ ತೋಟಗಳಿವೆ. ನೆರಳಿಗೆ ಬೆಳೆಸುವ ಉತ್ತೀಸ್ ಮರ ದ್ವಿದಳ ಜಾತಿಯದಲ್ಲ. ಆದರೂ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುತ್ತದೆ, ಕುಸಿದ ಧರೆಯ ಮೇಲೂ ಬೇಗ ಹುಟ್ಟಿಕೊಳ್ಳುತ್ತದೆ. ಏಲಕ್ಕಿ ಮಲೆಯಲ್ಲಿ ಹುಟ್ಟಿದವರು ಈ ತೋಟದಲ್ಲಿ ಅರ್ಧ ದಿನ ನಿಂತರೂ ಹೋದದ್ದು ಸಾರ್ಥಕ. ಕಣಿವೆಯ ಆಚೆಗೆ ಕಾಳಿ ಗಂಡಕಿಯಲ್ಲಿ ಸಿಗುವ ಸಾಲಿಗ್ರಾಮ ಕರ್ನಾಟಕದ ಎಷ್ಟೋ ದೇವರ ಮನೆಗಳಲ್ಲಿದೆ. ಅದು ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಯ ಪಳೆಯುಳಿಕೆ.

ಆದರೆ ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಕಾಡಿನ ಆಡಳಿತ. 7,629 ಚದರ ಕಿಲೋಮೀಟರಿನ ಅನ್ನಪೂರ್ಣಾ ಸಂರಕ್ಷಣಾ ಪ್ರದೇಶದ ಕೆಲಸ ಆರಂಭವಾದದ್ದು 1986ರಲ್ಲಿ, ಘಾಂದ್ರುಕ್ ಎಂಬ ಹಳ್ಳಿಯಿಂದ. ಮರುವರ್ಷವೇ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. ಇಲ್ಲಿ ಕಾಡಿನೊಳಗಿನ ಮನೆಗಳನ್ನು ಹೊರಗೆ ಕಳುಹಿಸುವ ಮಾತು ದಶಕಗಳ ಕಾಲ ನಡೆಯಿತು. ಅಲ್ಲಿ ಒಂದು ಲಕ್ಷದಷ್ಟು ಜನ ಊರಲ್ಲೇ ಉಳಿದರು. ಸೌದೆ, ಮೇವು, ಹುಲ್ಲುಗಾವಲಿನ ಬಗೆಗೆ ಹಳ್ಳಿಯ ಸಮಿತಿಗಳು ನಿರ್ಧರಿಸತೊಡಗಿದವು. ಚಾರಣಿಗರ ಪ್ರವೇಶ ಶುಲ್ಕ ಸಂರಕ್ಷಣೆಯ ಕೆಲಸಕ್ಕೆ ಸಂದಿತು. ಪ್ಲಾಸ್ಟಿಕ್ ಬಾಟಲಿಗೆ ಬದಲಾಗಿ ಶುದ್ಧೀಕರಿಸಿದ ನೀರನ್ನು ಮಾರುವ ಕೇಂದ್ರಗಳನ್ನು ಹಲವೆಡೆ ತಾಯಂದಿರ ಸಂಘಗಳೇ ನಡೆಸಿದವು. ನೇಪಾಳದಾದ್ಯಂತ 1993ರ ಅರಣ್ಯ ಕಾಯ್ದೆಯ ಆಧಾರದ ಮೇಲೆ 22,000ಕ್ಕೂ ಹೆಚ್ಚು ಸಮುದಾಯ ಅರಣ್ಯ ಸಂಘಗಳು ರೂಪುಗೊಂಡಿವೆ. 1992ರಲ್ಲಿ ದೇಶದ ನಾಲ್ಕನೆಯ ಒಂದು ಭಾಗದಷ್ಟಿದ್ದ ಕಾಡು 2016ರ ಹೊತ್ತಿಗೆ ಶೇಕಡಾ 45ಕ್ಕೆ ಏರಿದ್ದನ್ನು ಉಪಗ್ರಹ ಚಿತ್ರಗಳು ತೋರಿಸಿವೆ. ಅದೇನೂ ರಾಮರಾಜ್ಯವಲ್ಲ. ಕಾಡು ಹೆಚ್ಚಿದಂತೆ ಮಂಗಗಳ ಹಾವಳಿಯೂ ಹೆಚ್ಚಿದೆ. ಗಲ್ಫ್ ಮತ್ತು ಮಲೇಷ್ಯಾಗಳಿಗೆ ದುಡಿಯಲು ಹೋದ ಯುವಕರ ಗದ್ದೆಗಳು ಪಾಳುಬಿದ್ದಿವೆ. ಅನೇಕ ಮನೆಗಳಲ್ಲಿ ಮುದುಕರು ಮಾತ್ರ ಇದ್ದಾರೆ. ಮಲೆನಾಡಿಗರಿಗೆ ಇದೂ ಪರಿಚಿತ ಚಿತ್ರವೇ.

ಪರಿಕ್ರಮದ ದಾರಿಯ ಬಹುಭಾಗಕ್ಕೆ ಈಗ ಜೀಪುರಸ್ತೆ ಬಂದಿದೆ. ಹಳೆಯ ಚಾರಣಿಗರು ಇದಕ್ಕಾಗಿ ಮರುಗುತ್ತಾರೆ. ಅವರ ಮರುಕದಲ್ಲಿ ಒಂದು ಅಹಂಕಾರ ಅಡಗಿದೆಯೆಂದೇ ಹೇಳಬೇಕು. ಮಾರ್ಫಾ ಊರಿನ ಸೇಬು ಹಿಂದೆ ಹೇಸರಗತ್ತೆಯ ಬೆನ್ನೇರಬೇಕಿತ್ತು, ಇಲ್ಲವೇ ಒಣಗಿ ಹಪ್ಪಳವಾಗಬೇಕಿತ್ತು, ಸಾರಾಯಿಯಾಗಬೇಕಿತ್ತು. ಈಗ ಲಾರಿಯಲ್ಲಿ ಪೋಖರಾದ ಪೇಟೆ ಸೇರುತ್ತದೆ. ಹೆರಿಗೆ ನೋವಿನ ಹೆಂಗಸನ್ನು ಹೊತ್ತು ನಡೆದ ಊರಿಗೆ ರಸ್ತೆ ಬೇಡವೆನ್ನಲು ಎರಡು ವಾರದ ಅತಿಥಿಗೆ ಯಾವ ಹಕ್ಕಿದೆ? ರಸ್ತೆಯನ್ನು ಎಲ್ಲಿ, ಹೇಗೆ ಕಡಿದರು ಎಂಬುದು ಬೇರೆ ಪ್ರಶ್ನೆ. ಚರಂಡಿಯಿಲ್ಲದೆ ಯಂತ್ರದಿಂದ ಬಗೆದ ಬೆಟ್ಟ ಪ್ರತಿ ಮಳೆಗಾಲದಲ್ಲೂ ಜಾರುತ್ತದೆ, ನೇಪಾಳದಲ್ಲೂ, ಪಶ್ಚಿಮಘಟ್ಟದಲ್ಲೂ. ರಸ್ತೆ ಬಂದ ಕಡೆ ನಡೆಯುವವರು ಕಡಿಮೆಯಾಗಿ, ಒಂದು ರಾತ್ರಿಯ ತಂಗುಮನೆಗಳ ವ್ಯಾಪಾರ ಕುಸಿದಿರುವುದೂ ನಿಜ.

ಮಲೆನಾಡಿಗರು ಕಳೆದ ಕೆಲವು ವರ್ಷಗಳಿಂದ ವಾರಾಂತ್ಯದ ಪ್ರವಾಸಿಗರನ್ನು ಕಂಡು ಬೇಸತ್ತಿದ್ದಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ನೆರೆದ ಜನಜಂಗುಳಿಯನ್ನು ಕಂಡ ಮೇಲೆ ಸರ್ಕಾರವೇ ಚಾರಣಗಳಿಗೆ ತಡೆಹಾಕಿ, ಆನ್‌ಲೈನ್ ನೋಂದಣಿಯ ನಿಯಮ ತಂದಿತು. ಆತಿಥೇಯರ ಸಂಕಟ ಇಲ್ಲಿನವರಿಗೆ ಗೊತ್ತು. ಅತಿಥಿಯಾಗಿ ಇನ್ನೊಂದು ಬೆಟ್ಟದವರ ಅಂಗಳದಲ್ಲಿ ಕೂತು, ಬಿಸಿನೀರಿಗೆ ಎಷ್ಟು ಸೌದೆ ಉರಿಯುತ್ತದೆಂದು ಲೆಕ್ಕ ಹಾಕಿ, ಸ್ನಾನ ಬಿಟ್ಟು, ಅವರದೇ ದಾಲ್ ಭಾತ್ ಉಂಡು ಬಂದವರು, ತಮ್ಮ ಊರಿನ ಹೋಮ್‌ಸ್ಟೇಗಳ ನಿಯಮಗಳನ್ನು ಹೆಚ್ಚು ಅಧಿಕಾರದಿಂದ ಮಾತಾಡಬಲ್ಲರು. ಗ್ರಾಮಸಭೆಗೆ ಬೇಕಾದದ್ದು ಇಂಥ ಮಾತು. ಅದಕ್ಕೆ ನಲವತ್ತೈದರವನು ಬೇಕು. ಎಪ್ಪತ್ತರಲ್ಲಿ ನೋಡಿ ಬಂದವನಿಗೆ ಅದನ್ನು ಜಾರಿಗೆ ತರುವ ಕಾಲ ಉಳಿದಿರುವುದಿಲ್ಲ.

ಹೊರದೇಶವೆಂದೊಡನೆ ಯುರೋಪಿನ ಕನಸು ಕಾಣುವುದು ಸಹಜ. ಆದರೆ ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದಲ್ಲಿ ಹೋಗಿಬಂದರೆ ಒಬ್ಬ ಪ್ರಯಾಣಿಕನ ಪಾಲಿಗೆ ಒಂದು ಟನ್ನಿಗೂ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಒಬ್ಬ ಭಾರತೀಯನ ಸರಾಸರಿ ಪಾಲು ಇಡೀ ವರ್ಷಕ್ಕೆ ಎರಡು ಟನ್ ಆಸುಪಾಸು. ನೇಪಾಳಕ್ಕಾದರೆ ಗೋರಖಪುರದವರೆಗೆ ರೈಲು, ಸೋನೌಲಿ ಗಡಿಯಿಂದ ಬಸ್ಸು. ಭಾರತೀಯರಿಗೆ ವೀಸಾ ಬೇಡ; ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಸಾಕು. ವಿದೇಶಿ ಚಾರಣಿಗರು ಪರವಾನಗಿಯುಳ್ಳ ಮಾರ್ಗದರ್ಶಿಯೊಡನೆಯೇ ನಡೆಯಬೇಕೆಂಬ ನಿಯಮ 2023ರ ಏಪ್ರಿಲ್‌ನಲ್ಲಿ ಬಂದಿದೆ. ಅದರ ಖರ್ಚನ್ನು ದಂಡವೆಂದು ಭಾವಿಸಬೇಕಾಗಿಲ್ಲ. ಅದು ಬೆಟ್ಟದ ಒಬ್ಬ ಯುವಕನ ಕೂಲಿ.

ಉಳಿಯುವುದು ತೋಟದ ಪ್ರಶ್ನೆ, ನಿಜವಾದ ತೊಡಕೂ ಅದೇ. ಹಿಮಾಲಯದ ಆಕಾಶ ತಿಳಿಯಾಗುವ ಅಕ್ಟೋಬರ್-ನವೆಂಬರಿನಲ್ಲಿ ಇಲ್ಲಿ ಅಡಿಕೆ ಕೊಯ್ಲು ಶುರುವಾಗುತ್ತದೆ. ಅಲ್ಲಿ ಲಾಲಿಗುರಾಸ್ ಹೂ ಅರಳುವ ಮಾರ್ಚ್-ಏಪ್ರಿಲಿನಲ್ಲಿ ಇಲ್ಲಿ ತೋಟಕ್ಕೆ ನೀರು ಬಿಡಬೇಕು, ಕಾಫಿಗೆ ಹೂಮಳೆ ಬಾರದಿದ್ದರೆ ತುಂತುರು ನೀರಾವರಿಯ ಪೈಪು ಎಳೆಯಬೇಕು. ಅನುಕೂಲದ ತಿಂಗಳೆಂಬುದೇ ಇಲ್ಲ. ಹಿಂದಿನ ತಲೆಮಾರು ಇಂಥ ತೊಡಕಿಗೆ ಮುಯ್ಯಾಳಿನಲ್ಲಿ ಪರಿಹಾರ ಕಂಡಿತ್ತು. ನೇಪಾಳದ ಗುಡ್ಡಗಳಲ್ಲಿ ಅದೇ ಪದ್ಧತಿಯನ್ನು ಪರ್ಮಾ ಎನ್ನುತ್ತಾರೆ. ಈ ಮಾರ್ಚಿನಲ್ಲಿ ಒಂದು ಮನೆಯ ಗಂಡಹೆಂಡತಿ ಹೊರಟರೆ ಪಕ್ಕದ ಮನೆಯವರು ಎರಡೂ ತೋಟಗಳ ಪಂಪು ನೋಡಿಕೊಂಡು, ಕೊಟ್ಟಿಗೆಯ ದನಗಳಿಗೆ ಹುಲ್ಲು ಹಾಕುವುದು. ಮುಂದಿನ ಮಾರ್ಚಿನಲ್ಲಿ ಮುಯ್ಯಿ ತೀರಿಸುವುದು. ಮದುವೆಗೂ ಸಾವಿಗೂ ನೆರೆಯವರಿಗೆ ಬೀಗದ ಕೈ ಕೊಡುವ ಊರಿನಲ್ಲಿ ನಡಿಗೆಗೂ ಅದನ್ನು ಕೊಡಬಹುದು.