ಆಳದ ಬೆಲೆ ಅರಿಯದ ಲೆಕ್ಕ

ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಗೆ ಸೇರಿದ ನಾನು, ‘ಇದರಿಂದ ಪ್ರತಿಫಲವೇನು?’ ಎಂದು ಎಷ್ಟೋ ಕಡತಗಳ ಮೇಲೆ ಷರಾ ಬರೆದವನು. ಆ ಪ್ರಶ್ನೆಯ ಮಿತಿ ಈಗ ಅರಿವಾಗುತ್ತಿದೆ.

ಅತಿಶೀತದಲ್ಲಿ ಸೂಪರ್ ಕಂಡಕ್ಟರಿನೊಳಗೆ ಎಲೆಕ್ಟ್ರಾನುಗಳು ಜೋಡಿಗೂಡಿ ತಡೆಯಿಲ್ಲದೆ ಹರಿಯುತ್ತವೆ. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಇದನ್ನು ವಿವರಿಸಿದರು. ಜೋಡಿ ಮುರಿದಾಗ ಉಂಟಾಗುವ ಒಂಟಿ ಉದ್ರೇಕಗಳೇ ‘ಕ್ವಾಸಿಪಾರ್ಟಿಕಲ್’ಗಳು. ಸೂಪರ್ ಕಂಡಕ್ಟರ್ ಆಧಾರಿತ ಕ್ವಾಂಟಂ ಕಂಪ್ಯೂಟರಿನ ಲೆಕ್ಕ ಕೆಡಿಸುವ ಕಾರಣಗಳಲ್ಲಿ ಇವೂ ಒಂದು. ವಿಶ್ವಕಿರಣಗಳೂ ಸಹಜ ವಿಕಿರಣವೂ ಈ ಹಾವಳಿಗೆ ಕಾರಣವೆಂದು 2020ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. ಇಟಲಿಯ ಗ್ರಾನ್ ಸಾಸ್ಸೊ ಪರ್ವತದಡಿಯ ಪ್ರಯೋಗಾಲಯದಲ್ಲಿ ಇಂಥ ಸರ್ಕಿಟ್ ಇರಿಸಿದಾಗ ಹಾವಳಿ ತಗ್ಗಿತೆಂದು 2021ರಲ್ಲಿ ವರದಿಯಾಯಿತು.

ಅಂಥ ಆಳ ನಮ್ಮಲ್ಲೂ ಇತ್ತು. ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಹಿಡಿದಿದ್ದರು. 2001ರಲ್ಲಿ ಗಣಿ ಮುಚ್ಚಿತು. ಚಿನ್ನದ ಲಾಭನಷ್ಟ ನೋಡಿದ ನಾವು ಆಳಕ್ಕೆ ಬೆಲೆ ಕಟ್ಟಲಿಲ್ಲ. ಈಗ ಅಲ್ಲಿ ನೀರು ತುಂಬಿದೆ.

2023ರಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರಲ್ಲೊಂದು ಪಾಲು ಭೂಗತ ಪ್ರಯೋಗಾಲಯಕ್ಕೆ ಮೀಸಲಾಗಲಿ. ಮುಂದೆ ಯಾವುದೇ ಆಳವಾದ ಗಣಿಯನ್ನು ಮುಚ್ಚುವ ಕಡತ ಬಂದರೂ, ಸಹಿಗೆ ಮುನ್ನ ವಿಜ್ಞಾನಿಗಳ ಅಭಿಪ್ರಾಯ ಕೇಳುವ ನಿಯಮ ಜಾರಿಯಾಗಲಿ.